ಮನೆ ಎಷ್ಟು ಎತ್ತರ ಕಟ್ಟಬಹುದು? ಪಾಯ ಅಗೆಯುವ ಮೊದಲೇ ಹಾಕಬೇಕಾದ ಲೆಕ್ಕ

ಬೆಂಗಳೂರಿನಲ್ಲಿ ನಮ್ಮ ಅಕ್ಕ ಮನೆ ಕಟ್ಟಿಸಿದಾಗಿನ ಮಾತು. ತಾರಸಿಯ ಅಂಚಿನಿಂದ ಭಾವ ಟೇಪು ಇಳಿಬಿಡುತ್ತಿದ್ದರು, ಕೆಳಗೆ ನಾನು ನಿಂತಿದ್ದೆ. ಗಾಳಿಗೆ ಟೇಪು ಓಲಾಡುತ್ತದೆ ಎಂದು ತುದಿಗೆ ತೂಗುಗುಂಡು ಕಟ್ಟಿದ್ದೆವು. ಗುಂಡು ನಿಂತ ಮಟ್ಟವನ್ನು ಮೇಸ್ತ್ರಿ ನೀರು ತುಂಬಿದ ಟ್ಯೂಬ್ ಹಿಡಿದು ರಸ್ತೆಯ ನಡುವಿಗೆ ತಂದರು. ಲೆಕ್ಕ ಕೂಡಿಸಿದಾಗ ಬಂದದ್ದು 12.35 ಮೀಟರ್. ಮಂಜೂರಾದ ನಕ್ಷೆಯಲ್ಲಿ ಇದ್ದದ್ದು 11.5 ಮೀಟರ್. ಹತ್ತಿರ ಹತ್ತಿರ ಎರಡೂಮುಕ್ಕಾಲು ಅಡಿ ಹೆಚ್ಚು.

ಯಾರೂ ಬೇಕೆಂದು ಮಾಡಿದ್ದಲ್ಲ. ಮಳೆನೀರು ಒಳಗೆ ಬರಬಾರದು ಎಂದು ನೆಲಮಟ್ಟವನ್ನು ಒಂದೂವರೆ ಅಡಿ ಏರಿಸಿದ್ದರು. ದೊಡ್ಡ ಕಾರು ಸಲೀಸಾಗಿ ನಿಲ್ಲಲಿ ಎಂದು ಸ್ಟಿಲ್ಟ್, ಅಂದರೆ ಮನೆಯ ಕೆಳಗೆ ಕಂಬಗಳ ನಡುವಿನ ಪಾರ್ಕಿಂಗ್ ಮಟ್ಟ, ಒಂಬತ್ತು ಅಡಿ ಆಯಿತು. ‘ಹತ್ತಡಿ ಇರ್ಲಿ ಸಾರ್, ಸೆಕೆ ಆಗಲ್ಲ’ ಎಂದು ಮೇಸ್ತ್ರಿ ಹೇಳಿದ್ದಕ್ಕೆ ಪ್ರತಿ ಮಹಡಿಯೂ ಹತ್ತಡಿ ಆಯಿತು. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿಯಾದ ಮಾತೇ. ಎಲ್ಲವನ್ನೂ ಒಟ್ಟಿಗೆ ಕೂಡಿಸಿ ನೋಡಿದವರು ಮಾತ್ರ ಮೂರನೇ ಮಹಡಿಯ ಮೋಲ್ಡ್ (ಕಾಂಕ್ರೀಟ್ ಚಾವಣಿ) ಬೀಳುವವರೆಗೂ ಯಾರೂ ಇರಲಿಲ್ಲ.

ಆ ಲೆಕ್ಕವನ್ನು ನೀವು ಮೊದಲೇ ಹಾಕಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಲೆಕ್ಕ ಹಾಕುವ ಕ್ರಮ ಮಾತ್ರ ಮೈಸೂರು, ಹುಬ್ಬಳ್ಳಿ, ಮಂಗಳೂರು, ನಿಮ್ಮ ತಾಲ್ಲೂಕು ಕೇಂದ್ರ, ಎಲ್ಲ ಕಡೆಗೂ ಒಂದೇ.

1. ನಿಮ್ಮ ಸೈಟು ಯಾರ ವ್ಯಾಪ್ತಿಯಲ್ಲಿದೆ, ತಿಳಿದುಕೊಳ್ಳಿ

‘ಎಷ್ಟು ಮಹಡಿ ಬಿಡ್ತಾರೆ?’ ಎಂದು ಜನ ಮೊದಲು ಕೇಳುವುದು ಮೇಸ್ತ್ರಿಯನ್ನು, ಇಲ್ಲವೇ ಪಕ್ಕದ ಮನೆಯವರನ್ನು. ಪಕ್ಕದವರು ನಾಲ್ಕು ಮಹಡಿ ಕಟ್ಟಿದ್ದಾರೆ ಎಂದರೆ ಅವರಿಗೆ ನಾಲ್ಕಕ್ಕೆ ಅನುಮತಿ ಇತ್ತು ಎಂದಲ್ಲ. ಅನುಮತಿಯೇ ಇದ್ದರೂ ಅವರ ಸೈಟಿನ ಅಳತೆ, ಕಟ್ಟಿದ ವರ್ಷ, ಆಗಿನ ನಿಯಮ ಎಲ್ಲವೂ ನಿಮ್ಮದಕ್ಕಿಂತ ಬೇರೆ ಇರಬಹುದು.

ಎತ್ತರದ ವಿಷಯದಲ್ಲಿ ಎರಡು ಕಡೆಯ ನಿಯಮ ಬೀಳುತ್ತದೆ. ಒಂದು, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ತಯಾರಾದ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು ಅದರ ಜೊತೆಗಿರುವ ವಲಯ ನಿಯಮಾವಳಿ. ಇನ್ನೊಂದು, ಸ್ಥಳೀಯ ಸಂಸ್ಥೆಯ ಕಟ್ಟಡ ಬೈಲಾ. ಬೆಂಗಳೂರಿಗೆ ಬಂದರೆ, 2007ರಲ್ಲಿ ಅನುಮೋದನೆಯಾದ ಪರಿಷ್ಕೃತ ಮಹಾಯೋಜನೆ 2015 ಒಂದು ಕಡೆ, 2003ರ ಕಟ್ಟಡ ಬೈಲಾ ಇನ್ನೊಂದು ಕಡೆ. ನಕ್ಷೆ ಮಂಜೂರು ಮಾಡುವ ಕೆಲಸ 2025ರ ಸೆಪ್ಟೆಂಬರ್‌ವರೆಗೆ ಬಿಬಿಎಂಪಿಯದಾಗಿತ್ತು. ಆ ತಿಂಗಳ 2ರಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಾದವು. ನಿಮ್ಮ ವಾರ್ಡು ಈಗ ಯಾವ ಪಾಲಿಕೆಗೆ ಸೇರಿದೆ ನೋಡಿಕೊಂಡೇ ಅರ್ಜಿಯ ಮಾತಿಗೆ ಹೋಗಿ.

ಉಳಿದ ಮಹಾನಗರ ಪಾಲಿಕೆಗಳಲ್ಲಿ 1976ರ ಮಹಾನಗರ ಪಾಲಿಕೆ ಕಾಯ್ದೆ ನಡೆಯುತ್ತದೆ. ಪುರಸಭೆ, ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ. ಹಳ್ಳಿಯಲ್ಲಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿ ಅನುಮತಿ ಕೊಡುತ್ತದೆ. ‘ಪಂಚಾಯಿತಿ ಜಾಗ, ಇಲ್ಲಿ ಏನೂ ರೂಲ್ಸ್ ಇಲ್ಲ’ ಎಂಬ ಮಾತನ್ನು ನಂಬಬೇಡಿ. ಊರಿನ ಅಂಚಿನ ಎಷ್ಟೋ ಪಂಚಾಯಿತಿಗಳು ಯೋಜನಾ ಪ್ರಾಧಿಕಾರದ ವ್ಯಾಪ್ತಿಗೂ ಸೇರಿರುತ್ತವೆ. ಅಂಥ ಕಡೆ ಮಹಾಯೋಜನೆಯ ನಿಯಮ ಪಂಚಾಯಿತಿಗೂ ಅನ್ವಯಿಸುತ್ತದೆ.

ಈ ಹಂತದಲ್ಲಿ ನಿಮ್ಮ ಕೈಗೆ ಬರಬೇಕಾದದ್ದು ಮೂರು: ವ್ಯಾಪ್ತಿಯ ಸಂಸ್ಥೆಯ ಹೆಸರು, ನಿಮ್ಮ ಸೈಟು ಮಹಾಯೋಜನೆಯ ನಕ್ಷೆಯಲ್ಲಿ ಯಾವ ವಲಯದಲ್ಲಿದೆ ಎಂಬುದು, ಮತ್ತು ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮಾವಳಿಯ ಪ್ರತಿ. ಕೊನೆಯದನ್ನು ಒತ್ತಿ ಹೇಳುತ್ತೇನೆ. ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ), ಎತ್ತರದ ಪಟ್ಟಿಗಳಿಗೆ ತಿದ್ದುಪಡಿ ಬರುತ್ತಲೇ ಇರುತ್ತದೆ. ಗೆಳೆಯರೊಬ್ಬರು ಐದು ವರ್ಷದ ಹಿಂದೆ ಕಳಿಸಿದ ಪಿಡಿಎಫ್ ಇಟ್ಟುಕೊಂಡು ಮನೆ ಕಟ್ಟಬೇಡಿ.

2. ಎತ್ತರ ಎಲ್ಲಿಂದ ಎಲ್ಲಿಗೆ, ಬೈಲಾದಲ್ಲೇ ಓದಿ

ನಾವು ಎಡವಿದ್ದು ಇಲ್ಲಿಯೇ. ಮನೆಯ ಎತ್ತರ ಎಂದರೆ ಒಳಗಿನ ನೆಲದಿಂದ ತಾರಸಿಯವರೆಗೆ ಎಂದುಕೊಂಡಿದ್ದೆವು. ಬೈಲಾದ ಪ್ರಕಾರ ಅಳತೆ ಶುರುವಾಗುವುದು ಮನೆಯ ಹೊರಗಿನಿಂದ. ಕೆಲವು ಬೈಲಾಗಳು ಮುಂದಿನ ರಸ್ತೆಯ ನಡುಗೆರೆಯ ಸರಾಸರಿ ಮಟ್ಟದಿಂದ ಎನ್ನುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಕಟ್ಟಡದ ಸುತ್ತಲಿನ ನೆಲದ ಸರಾಸರಿ ಮಟ್ಟವನ್ನು ಹಿಡಿಯುತ್ತದೆ. ಸಮತಟ್ಟಾದ ಬಡಾವಣೆಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ. ಮಡಿಕೇರಿಯಂಥ, ಮಂಗಳೂರಿನಂಥ ಏರುತಗ್ಗಿನ ಊರಿನಲ್ಲಿ ಮುಂದೆ ಎರಡು ಮಹಡಿ, ಹಿಂದೆ ಮೂರು ಮಹಡಿ ಕಾಣುವ ಮನೆಗೆ ಇದೊಂದೇ ಸಾಲು ಒಂದು ಇಡೀ ಮಹಡಿಯ ಭವಿಷ್ಯ ತೀರ್ಮಾನಿಸುತ್ತದೆ.

ಅಂದರೆ ನೆಲಮಟ್ಟ ಏರಿಸಿದಷ್ಟೂ ಅದು ಎತ್ತರದ ಲೆಕ್ಕಕ್ಕೆ ಸೇರುತ್ತದೆ. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಮೇಲೇರುತ್ತದೆ, ಮನೆ ತಗ್ಗಿಗೆ ಬೀಳುತ್ತದೆ ಎಂಬ ಭಯಕ್ಕೆ ಜನ ಎರಡು ಮೂರು ಅಡಿ ಏರಿಸುತ್ತಾರೆ. ಭಯ ನ್ಯಾಯವಾದದ್ದೇ. ಏರಿಸುವುದಿದ್ದರೆ ಆ ಅಡಿಗಳನ್ನು ಮೇಲಿನ ಮಹಡಿಗಳಲ್ಲಿ ಕಳೆಯಬೇಕಾಗುತ್ತದೆ, ಅಷ್ಟೇ.

ಮೇಲಿನ ತುದಿಯ ಲೆಕ್ಕ ಹೀಗೆ: ಚಪ್ಪಟೆ ಮೋಲ್ಡ್ ಇದ್ದರೆ ತಾರಸಿಯ ಮಟ್ಟದವರೆಗೆ. ಹೆಂಚಿನ ಇಳಿಜಾರು ಮಾಡಾದರೆ ಹೊರಗೋಡೆ ಮಾಡಿಗೆ ಸೇರುವ ಜಾಗದವರೆಗೆ. ಹಾಗಾಗಿ ಮಲೆನಾಡಿನ, ಕರಾವಳಿಯ ಹೆಂಚಿನ ಮನೆಯಲ್ಲಿ ಮಾಡಿನ ನೆತ್ತಿಯವರೆಗಿನ ಎತ್ತರ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ರಸ್ತೆಗೆ ಮುಖ ಮಾಡಿದ ತ್ರಿಕೋನ ಗೋಡೆ ಇದ್ದರೆ ಸೂರಿನಂಚಿಗೂ ನೆತ್ತಿಗೂ ನಡುವಿನ ಬಿಂದುವನ್ನು ಹಿಡಿಯುತ್ತಾರೆ.

ತಾರಸಿಯ ಮೇಲಿನ ನೀರಿನ ಟ್ಯಾಂಕು, ಮೆಟ್ಟಿಲಿನ ಹೆಡ್‌ರೂಮ್, ಲಿಫ್ಟಿನ ಮೆಷಿನ್ ರೂಮ್, ಪ್ಯಾರಾಪೆಟ್ ಇವಕ್ಕೆ ಒಂದು ಮಿತಿಯೊಳಗೆ ವಿನಾಯಿತಿ ಇದೆ. ಈ ವಿನಾಯಿತಿಯನ್ನು ಎಳೆದಾಡುವವರು ಬಹಳ. ಹೆಡ್‌ರೂಮಿನ ಪಕ್ಕ ಒಂದು ಪೂಜಾಕೋಣೆ, ಅದಕ್ಕೊಂದು ಬಾತ್‌ರೂಮ್, ಮೇಲೆ ತಗಡು, ಕೊನೆಗೆ ಒಬ್ಬ ಬಾಡಿಗೆದಾರ. ಮನುಷ್ಯರು ವಾಸಿಸುವ ಕೋಣೆ ಬಂದ ಕೂಡಲೇ ಅದು ಇನ್ನೊಂದು ಮಹಡಿ.

3. ರಸ್ತೆಗೆ ಟೇಪು ಹಿಡಿಯಿರಿ

ಮನೆಯ ಎತ್ತರಕ್ಕೂ ಮುಂದಿನ ರಸ್ತೆಯ ಅಗಲಕ್ಕೂ ಹಳೆಯ ನಂಟಿದೆ. ಎರಡೂ ಕಡೆ ಎತ್ತರದ ಮನೆ ಎದ್ದ ಕಿರುಬೀದಿಗೆ ಬಿಸಿಲು ಇಳಿಯುವುದಿಲ್ಲ, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾದರಿ ಸೂತ್ರ ಹೀಗಿದೆ: ರಸ್ತೆಯ ಅಗಲಕ್ಕೆ ಮನೆಯ ಮುಂದೆ ಬಿಟ್ಟ ಜಾಗ ಕೂಡಿಸಿ, ಅದರ ಒಂದೂವರೆ ಪಟ್ಟು ಗರಿಷ್ಠ ಎತ್ತರ.

20 ಅಡಿ ರಸ್ತೆ ಎಂದರೆ 6.1 ಮೀಟರ್. ಮುಂದೆ 1 ಮೀಟರ್ ಬಿಟ್ಟರೆ 7.1, ಅದರ ಒಂದೂವರೆ ಪಟ್ಟು 10.65 ಮೀಟರ್. ಅದೇ 30 ಅಡಿ ರಸ್ತೆಯಾದರೆ 15.2 ಮೀಟರ್‌ವರೆಗೆ ಹೋಗುತ್ತದೆ. ನಿಮ್ಮ ಊರಿನ ನಿಯಮಾವಳಿ ಈ ಸೂತ್ರವನ್ನು ಹಾಗೆಯೇ ಇಟ್ಟುಕೊಂಡಿದೆಯೋ, ಬದಲಿಸಿದೆಯೋ ನೋಡಿ. ಯಾವ ರೂಪದಲ್ಲಿದ್ದರೂ ರಸ್ತೆಯ ಅಗಲ ಬೇಕೇ ಬೇಕು.

ಕ್ರಯಪತ್ರದಲ್ಲಿ ‘ಪೂರ್ವಕ್ಕೆ 30 ಅಡಿ ರಸ್ತೆ’ ಎಂದು ಬರೆದಿರುತ್ತದೆ. ಜಾಗಕ್ಕೆ ಹೋಗಿ ಅಳೆದರೆ 24 ಅಡಿ ಸಿಗುವುದು ಅಪರೂಪವಲ್ಲ; ಯಾರೋ ಮೆಟ್ಟಿಲು ಮುಂದಕ್ಕೆ ತಂದಿರುತ್ತಾರೆ, ಯಾರೋ ಕಾಂಪೌಂಡು ಒತ್ತಿಸಿರುತ್ತಾರೆ. ನಿಮ್ಮ ಸೈಟಿನ ಎರಡೂ ತುದಿಯಲ್ಲಿ, ನಡುವೆ, ಹೀಗೆ ಮೂರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಬಡಾವಣೆಯ ಅನುಮೋದಿತ ನಕ್ಷೆಯ ಜೊತೆ ತಾಳೆ ನೋಡಿ. ಮಹಾಯೋಜನೆಯಲ್ಲಿ ಆ ರಸ್ತೆ ಅಗಲವಾಗಬೇಕೆಂದು ಗುರುತಾಗಿದ್ದರೆ ನಿಮ್ಮ ಸೈಟಿನ ಒಂದು ಪಟ್ಟಿ ಅದಕ್ಕೆ ಹೋಗುತ್ತದೆ. ಆ ಪಟ್ಟಿಯ ಮೇಲೆ ಕಟ್ಟಲು ಬರುವುದಿಲ್ಲ.

4. ಎಫ್‌ಎಆರ್ ಮೊದಲು ಮುಗಿಯುತ್ತದೋ, ಎತ್ತರವೋ?

ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಒಟ್ಟು ಕಟ್ಟಬಹುದು ಎಂಬುದೇ ಎಫ್‌ಎಆರ್. ಎಷ್ಟೋ ಜನ ಎತ್ತರದ ಮಿತಿಯ ಬಗ್ಗೆ ತಲೆ ಕೆಡಿಸಿಕೊಂಡು ಇದನ್ನು ಮರೆಯುತ್ತಾರೆ. ಸಣ್ಣ ಸೈಟಿನಲ್ಲಿ ಹಲವು ಸಲ ಎತ್ತರಕ್ಕಿಂತ ಮೊದಲು ಕೈ ಕಟ್ಟುವುದು ಇದೇ.

30×40ರ ಸೈಟು ಹಿಡಿಯಿರಿ: 1,200 ಚದರ ಅಡಿ. ಪರಿಷ್ಕೃತ ಮಹಾಯೋಜನೆ 2015ರ ಪಟ್ಟಿಯಲ್ಲಿ 360 ಚದರ ಮೀಟರ್‌ವರೆಗಿನ ವಸತಿ ಸೈಟಿಗೆ ಎಫ್‌ಎಆರ್ 1.75, ನೆಲದ ಮೇಲೆ ಆವರಿಸಬಹುದಾದ್ದು ಶೇ 75. ಅಂದರೆ ಒಟ್ಟು 2,100 ಚದರ ಅಡಿ, ಒಂದು ಮಹಡಿಗೆ ಹೆಚ್ಚೆಂದರೆ 900. ಪ್ರತಿ ಮಹಡಿಯನ್ನೂ 900ರಂತೆ ಕಟ್ಟಿದರೆ ಎರಡು ಮಹಡಿಗೆ 1,800 ಮುಗಿದು ಮೂರನೆಯದಕ್ಕೆ 300 ಮಾತ್ರ ಉಳಿಯುತ್ತದೆ. ಮೂರೂ ಮಹಡಿ ಒಂದೇ ಸಮ ಬೇಕೆಂದರೆ ತಲಾ 700. ನಾಲ್ಕನೆಯ ಮಹಡಿಗೆ ಎತ್ತರದಲ್ಲಿ ಜಾಗ ಇದ್ದರೂ ಎಫ್‌ಎಆರ್‌ನಲ್ಲಿ ಇಲ್ಲ. ಸ್ಟಿಲ್ಟಿನ ಕಾರ್ ಪಾರ್ಕಿಂಗ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಬೆಂಗಳೂರಿನಲ್ಲಿ ‘ಸ್ಟಿಲ್ಟ್ ಪ್ಲಸ್ ಮೂರು’ ಎಂಬ ಮಾತು ಅಷ್ಟು ಓಡಾಡುವುದು. ಪಾರ್ಕಿಂಗಿಗೆ ಗೋಡೆ ಎಬ್ಬಿಸಿ ಅಂಗಡಿ ಮಾಡಿದ ದಿನ ಆ ರಿಯಾಯಿತಿಯೂ ಹೋಯಿತು.

5. ಸೆಂಟಿಮೀಟರ್ ಲೆಕ್ಕ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರಸೊತ್ತು ಇದ್ದರೆ ಇದನ್ನೇ ಓದಿ.

ಪರಿಷ್ಕೃತ ಮಹಾಯೋಜನೆ 2015 ಸೆಟ್‌ಬ್ಯಾಕಿಗೆ ಎರಡು ಪಟ್ಟಿ ಮಾಡಿತು. ಕಟ್ಟಡ 11.5 ಮೀಟರ್ ಒಳಗಿದ್ದು, ನೆಲಮಹಡಿ ಮತ್ತು ಎರಡು ಮಹಡಿ ಅಥವಾ ಸ್ಟಿಲ್ಟಿನ ಮೇಲೆ ಅಷ್ಟೇ ಇದ್ದರೆ ಸೈಟಿನ ಅಳತೆಗೆ ತಕ್ಕ ಸಣ್ಣ ಸೆಟ್‌ಬ್ಯಾಕ್. ಆ ಗೆರೆ ದಾಟಿತೋ, 15 ಮೀಟರ್‌ವರೆಗೆ ಸುತ್ತಲೂ 5 ಮೀಟರ್ ಬಿಡಬೇಕು. 30 ಅಡಿ ಅಗಲದ ಸೈಟಿನಲ್ಲಿ ಎರಡೂ ಪಕ್ಕ ಐದೈದು ಮೀಟರ್ ಬಿಟ್ಟರೆ ಮನೆಗೆ ಜಾಗವೇ ಇಲ್ಲ; ಸೈಟೇ 9.14 ಮೀಟರ್. ಅಂದರೆ ಸಣ್ಣ ಸೈಟಿನವರಿಗೆ ಆ ಗೆರೆಯೇ ಕೊನೆ. ನಿಮ್ಮ ಊರಿನಲ್ಲಿ, ನೀವು ಅರ್ಜಿ ಹಾಕುವ ದಿನ ಆ ಗೆರೆ ಎಷ್ಟಿದೆಯೋ ಆ ಅಂಕಿಯನ್ನು ಕೆಳಗಿನ ಲೆಕ್ಕದಲ್ಲಿ ಇಟ್ಟುಕೊಳ್ಳಿ. ನಾನು ಅಕ್ಕನ ಮನೆಯ 11.5ನ್ನೇ ಹಿಡಿಯುತ್ತೇನೆ.

ಒಂದು ಹಾಳೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಬರೆಯುತ್ತಾ ಹೋಗಿ:

ರಸ್ತೆಯ ಮಟ್ಟದಿಂದ ಪಾರ್ಕಿಂಗ್ ನೆಲ: 0.10 ಮೀಟರ್
ಸ್ಟಿಲ್ಟ್, ಒಳಗಿನ ಎತ್ತರ 2.40 ಮತ್ತು ಮೋಲ್ಡ್ 0.15: 2.55 ಮೀಟರ್
ಮೊದಲ ಮಹಡಿ, ನೆಲಹಾಸು 0.05, ಒಳಗಿನ ಎತ್ತರ 2.75, ಮೋಲ್ಡ್ 0.15: 2.95 ಮೀಟರ್
ಎರಡನೇ ಮಹಡಿ: 2.95 ಮೀಟರ್
ಮೂರನೇ ಮಹಡಿ: 2.95 ಮೀಟರ್
ಒಟ್ಟು: 11.50 ಮೀಟರ್

ಸರಿಯಾಗಿ ಗೆರೆಗೆ ಬಂದು ನಿಂತಿತು. ಒಂದೇ ಒಂದು ಸೆಂಟಿಮೀಟರ್ ಆಚೆ ಈಚೆ ಇಲ್ಲ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರವೇ 2.75 ಮೀಟರ್, ಅಂದರೆ ಒಂಬತ್ತಡಿ. ಅದಕ್ಕಿಂತ ತಗ್ಗಿಸಲು ಬರುವುದಿಲ್ಲ. ತಾರಸಿಯಲ್ಲಿ ನೀರು ಹರಿಯಲು ಹಾಕುವ ಗಾರೆಗೂ ಇಲ್ಲಿ ಜಾಗವಿಲ್ಲ. ಸ್ಟಿಲ್ಟಿನಲ್ಲಿ ತೊಲೆಗಳು ಮೋಲ್ಡಿನಿಂದ ಕೆಳಗೆ ಇಳಿಯುತ್ತವೆ ಎಂಬುದನ್ನೂ ನೆನಪಿಡಿ. ಕಾರಿನ ತಲೆಗೆ ತಾಗುವುದು ತೊಲೆ, ಮೋಲ್ಡಲ್ಲ.

ಈಗ ಅಕ್ಕನ ಮನೆ ನೋಡಿ. ಏರಿಸಿದ ನೆಲ ಒಂದೂವರೆ ಅಡಿ, 0.46. ಸ್ಟಿಲ್ಟ್ ಒಂಬತ್ತಡಿ, 2.74. ಹತ್ತಡಿಯ ಮೂರು ಮಹಡಿ, 9.15. ಕೂಡಿಸಿದರೆ ಅದೇ 12.35. ಮೇಸ್ತ್ರಿಯ ‘ಹತ್ತಡಿ’ಯಲ್ಲಿ ಮೋಲ್ಡೂ ಸೇರಿತ್ತು, ಇನ್ನೊಬ್ಬ ಮೇಸ್ತ್ರಿ ಹತ್ತಡಿ ಎಂದರೆ ಮೋಲ್ಡ್ ಬಿಟ್ಟು ಒಳಗಿನ ಎತ್ತರ ಎಂದು ತಿಳಿಯಬಹುದು. ಆಗ ಮೂರು ಮಹಡಿಗೆ ಇನ್ನೂ ಒಂದೂವರೆ ಅಡಿ ಏರುತ್ತಿತ್ತು. ಅದಕ್ಕೇ ಹೇಳುವುದು, ಅಡಿಯ ಮಾತು ಬಿಟ್ಟು ಮೀಟರಿನಲ್ಲಿ ಮಾತಾಡಿ, ‘ಮೋಲ್ಡ್ ಮೇಲಿಂದ ಮೋಲ್ಡ್ ಮೇಲಿಗೆ ಎಷ್ಟು?’ ಎಂದೇ ಕೇಳಿ.

ನನ್ನ ಸಲಹೆ: ಗೆರೆಯಿಂದ 15 ಸೆಂಟಿಮೀಟರ್ ಕೆಳಗೇ ನಿಲ್ಲುವಂತೆ ಲೆಕ್ಕ ಹಾಕಿ. ಮೂರು ಮಹಡಿಯಲ್ಲಿ ಅದು ಸಿಗದಿದ್ದರೆ ಎರಡೇ ಮಹಡಿ ಕಟ್ಟಿ, ಹತ್ತಡಿಯ ಎತ್ತರದಲ್ಲಿ ಹಾಯಾಗಿ ಇರಿ. ಬಾಡಿಗೆಯ ಆಸೆಗೆ ಮೂರನೆಯದನ್ನು ತುರುಕಿ ಎಲ್ಲ ಮಹಡಿಯನ್ನೂ ಇಕ್ಕಟ್ಟು ಮಾಡಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

6. ಪಾಲಿಕೆಗೆ ಸಂಬಂಧವಿಲ್ಲದ ಮಿತಿಗಳು

ಪಾಲಿಕೆಯ ಲೆಕ್ಕದಲ್ಲಿ ಎಲ್ಲ ಸರಿ ಇದ್ದರೂ ಬೇರೆ ಕಾನೂನು ಅಡ್ಡ ಬರಬಹುದು. ಎಷ್ಟು ಮಿತಿಗಳಿವೆಯೋ ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ನಿಮ್ಮ ಎತ್ತರ.

ವಿಮಾನ ನಿಲ್ದಾಣ. 2015ರ ಸೆಪ್ಟೆಂಬರ್ 30ರ ಕೇಂದ್ರದ ನಿಯಮದಂತೆ ನಿಲ್ದಾಣದ ಸುತ್ತ ಬಣ್ಣದ ವಲಯ ನಕ್ಷೆಗಳಿವೆ. ಪ್ರತಿ ಬಣ್ಣಕ್ಕೂ ಒಂದು ಎತ್ತರ. ಅದರೊಳಗಿದ್ದರೆ ಸ್ಥಳೀಯ ಸಂಸ್ಥೆಯೇ ನಕ್ಷೆ ಮಂಜೂರು ಮಾಡಬಹುದು, ಕೆಂಪು ವಲಯದಲ್ಲಿದ್ದರೆ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಬೆಂಗಳೂರಿನಲ್ಲಿ ದೇವನಹಳ್ಳಿ ಒಂದೇ ಅಲ್ಲ, ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆಗಳೂ ಇವೆ. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಆ ಎತ್ತರವನ್ನು ಹೇಳುವುದು ಸಮುದ್ರಮಟ್ಟದಿಂದ. ನಕ್ಷೆಯಲ್ಲಿ 940 ಮೀಟರ್ ಎಂದಿದ್ದು ನಿಮ್ಮ ಸೈಟಿನ ನೆಲ 915 ಮೀಟರಿನಲ್ಲಿದ್ದರೆ ಉಳಿಯುವುದು 25 ಮೀಟರ್. ಎರಡು, ಪಾಲಿಕೆ ಬಿಟ್ಟುಕೊಟ್ಟ ನೀರಿನ ಟ್ಯಾಂಕು, ಲಿಫ್ಟ್ ರೂಮು, ಆಂಟೆನಾ ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ವಿಮಾನಕ್ಕೆ ಟ್ಯಾಂಕೂ ಅಡ್ಡಿಯೇ.

ಪುರಾತನ ಸ್ಮಾರಕ. ಶ್ರೀರಂಗಪಟ್ಟಣ, ಬಾದಾಮಿ, ವಿಜಯಪುರ, ಬೇಲೂರು, ಹಳೇಬೀಡು ಕಡೆಯವರಿಗೆ ಇದು ದಿನದ ಮಾತು. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಿಷೇಧಿತ ಜಾಗದಲ್ಲಿ ಹೊಸ ಮನೆ ಇಲ್ಲ. ನಿಯಂತ್ರಿತ ಜಾಗದಲ್ಲಿ ಪ್ರತ್ಯೇಕ ಅನುಮತಿ ಪಡೆಯಬೇಕು, ಎಷ್ಟು ಎತ್ತರ ಎಂಬುದು ಆ ಅನುಮತಿಯಲ್ಲೇ ಬರುತ್ತದೆ. ಬೆಂಗಳೂರಿನ ಕೋಟೆ, ಟಿಪ್ಪು ಬೇಸಿಗೆ ಅರಮನೆ ಸುತ್ತಲಿನವರಿಗೂ ಇದೇ ನಿಯಮ. ಹಂಪಿಯ ಸುತ್ತಲಿನ ಊರುಗಳಿಗೆ 2002ರ ಕಾಯ್ದೆಯಡಿ ಪ್ರತ್ಯೇಕ ಪ್ರಾಧಿಕಾರವೇ ಇದೆ.

ಕಡಲತೀರ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿ ನಿಯಂತ್ರಣ ವಲಯದ ಗ್ರಾಮೀಣ ಭಾಗದಲ್ಲಿ ಸ್ಥಳೀಯರ ವಾಸದ ಮನೆಗೆ 9 ಮೀಟರ್ ಎತ್ತರ, ನೆಲಮಹಡಿ ಮತ್ತು ಮೇಲೊಂದು. ಅಷ್ಟೇ.

ಇನ್ನು ಕರೆಂಟಿನ ತಂತಿ. ಇದಕ್ಕೆ ಕಚೇರಿ ಸುತ್ತಬೇಕಾಗಿಲ್ಲ, ಸೈಟಿನಲ್ಲಿ ನಿಂತು ತಲೆ ಎತ್ತಿದರೆ ಕಾಣುತ್ತದೆ. ಮನೆ ಕಟ್ಟುವ ಮೊದಲು ತಂತಿ ದೂರದಲ್ಲಿ ಇದ್ದಂತೆ ಇರುತ್ತದೆ. ಎರಡನೇ ಮಹಡಿ ಬಂದಾಗ ಬಾಲ್ಕನಿಯಿಂದ ಕೈಗೆಟಕುತ್ತದೆ. ವಿದ್ಯುತ್ ಸುರಕ್ಷತಾ ನಿಯಮದಂತೆ ಮನೆಗೆ ಬರುವ ಸಾಮಾನ್ಯ ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿಗೂ ಮನೆಗೂ ನಡುವೆ ಮೇಲ್ಮುಖವಾಗಿ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಬೇಕು. 11 ಕೆವಿ ತಂತಿಯಾದರೆ ಮೇಲ್ಮುಖವಾಗಿ 3.7, ಪಕ್ಕಕ್ಕೆ 1.2. 33 ಕೆವಿಯಾದರೆ ಪಕ್ಕದ ಅಂತರ 2 ಮೀಟರ್. ಬಟ್ಟೆ ಒಣಹಾಕುವ ಕಬ್ಬಿಣದ ಸರಳು, ಸೆಂಟ್ರಿಂಗಿಗೆ ಎತ್ತುವ ಉದ್ದನೆಯ ಕಂಬಿ ತಂತಿಗೆ ತಾಗಿ ಜೀವ ಹೋಗುವ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ಕಂಬಿ ಕಟ್ಟುವ ಹುಡುಗ ಯಾರದೋ ಮನೆಯ ಮಗ. ಅಂತರ ಸಾಲದಿದ್ದರೆ ಕೆಲಸ ಶುರು ಮಾಡುವ ಮೊದಲೇ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ತಂತಿ ಸರಿಸಿ. ಖರ್ಚು ನಿಮ್ಮದೇ ಆಗುತ್ತದೆ, ಆಗಲಿ.

7. ನಕ್ಷೆ ಮಂಜೂರು, ಆಮೇಲೆ ಪ್ರತಿ ಮೋಲ್ಡಿಗೂ ಅಳತೆ

ನಕ್ಷೆ ಮಾಡುವ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ಕೊಡುವ ಹಾಳೆಗಳಲ್ಲಿ ಜನ ನೋಡುವುದು ಅಡುಗೆಮನೆ ಎಲ್ಲಿದೆ, ದೇವರಮನೆ ಎಲ್ಲಿದೆ ಎಂದು. ನೀವು ‘ಸೆಕ್ಷನ್’ ಎಂಬ ಹಾಳೆ ಕೇಳಿ. ಮನೆಯನ್ನು ಮೇಲಿಂದ ಕೆಳಗೆ ಸೀಳಿದರೆ ಹೇಗೆ ಕಾಣುತ್ತದೋ ಅದು. ರಸ್ತೆಯ ಮಟ್ಟದ ಗೆರೆ ಅದರಲ್ಲಿ ಇರಲೇಬೇಕು. ಪ್ರತಿ ಮಹಡಿಯ ಎತ್ತರ ಮೀಟರಿನಲ್ಲಿ ಬರೆದಿರಬೇಕು. ನೀವು ಹಾಳೆಯಲ್ಲಿ ಬರೆದ ಲೆಕ್ಕದ ಜೊತೆ ತಾಳೆ ನೋಡಿ.

ಬೆಂಗಳೂರಿನಲ್ಲಿ 50×80ರವರೆಗಿನ ಸೈಟಿನ ಮನೆಗಳಿಗೆ 2024ರಿಂದ ‘ನಂಬಿಕೆ ನಕ್ಷೆ’ ಇದೆ. ನೋಂದಾಯಿತ ತಜ್ಞರು ನಕ್ಷೆ ಏರಿಸಿದರೆ ತಾತ್ಕಾಲಿಕ ಅನುಮೋದನೆ ಬೇಗ ಸಿಗುತ್ತದೆ. ಬೇಗ ಸಿಕ್ಕಿತು ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ದಾಖಲೆಗಳ ಪರಿಶೀಲನೆ ಆಮೇಲೂ ಇರುತ್ತದೆ.

ಕೆಲಸ ಶುರುವಾದ ದಿನ ರಸ್ತೆಯ ಮಟ್ಟವನ್ನು ಅಳಿಸಿಹೋಗದ ಜಾಗಕ್ಕೆ ವರ್ಗಾಯಿಸಿಕೊಳ್ಳಿ. ಎದುರು ಮನೆಯ ಕಾಂಪೌಂಡಿನ ಕಲ್ಲಿಗೆ ಅವರನ್ನು ಕೇಳಿ ಒಂದು ಗೆರೆ ಎಳೆದು, ಫೋಟೊ ತೆಗೆದಿಟ್ಟುಕೊಂಡರೂ ಸಾಕು. ನಾಳೆ ರಸ್ತೆಗೆ ಹೊಸ ಡಾಂಬರು ಬಿದ್ದರೂ ನಿಮ್ಮ ಹಳೆಯ ಮಟ್ಟಕ್ಕೆ ಸಾಕ್ಷಿ ಇರುತ್ತದೆ. ಆಮೇಲೆ ಪ್ರತಿ ಮೋಲ್ಡಿನ ಸೆಂಟ್ರಿಂಗ್ ಹಲಗೆ ಕೂತ ದಿನ, ಕಾಂಕ್ರೀಟ್ ಬೀಳುವ ಮೊದಲು, ಆ ಗೆರೆಯಿಂದ ಅಳೆಯಿರಿ. ಹಲಗೆಯನ್ನು ಎರಡು ಇಂಚು ಇಳಿಸುವುದು ಅರ್ಧ ದಿನದ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಇಳಿಸುವುದು ಯಾರ ಕೈಲೂ ಆಗದು. ಮೋಲ್ಡ್ ದಿನ ಪೂಜೆ, ಸಿಹಿ, ಕೆಲಸದವರ ಊಟ ಎಂದು ಗಡಿಬಿಡಿ ಇರುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಟೇಪು ಹಿಡಿದು ಹೋಗಿ ಬನ್ನಿ.

8. ಈಗಾಗಲೇ ಗೆರೆ ದಾಟಿದ್ದರೆ

2003ರ ಬೆಂಗಳೂರು ಬೈಲಾ ಸಣ್ಣ ವ್ಯತ್ಯಾಸಕ್ಕೆ ಒಂದು ದಾರಿ ಇಟ್ಟಿತ್ತು. ಸೆಟ್‌ಬ್ಯಾಕ್, ಆವರಿಸಿದ ಜಾಗ, ಎಫ್‌ಎಆರ್, ಎತ್ತರ ಇವುಗಳಲ್ಲಿ ಶೇ 5ರೊಳಗಿನ ವ್ಯತ್ಯಾಸವನ್ನು, ಒಡೆದರೆ ಕಟ್ಟಡದ ಬಲಕ್ಕೇ ಧಕ್ಕೆ ಎನ್ನುವಂತಿದ್ದರೆ, ಆಯುಕ್ತರು ಕಾರಣ ಬರೆದು ಸಕ್ರಮ ಮಾಡಬಹುದು. ಅದು ಆಯುಕ್ತರ ವಿವೇಚನೆಗೆ ಬಿಟ್ಟದ್ದು, ಹಕ್ಕೆಂದು ಕೇಳುವ ಹಾಗಿಲ್ಲ. 11.5 ಮೀಟರಿಗೆ ಶೇ 5 ಎಂದರೆ 57 ಸೆಂಟಿಮೀಟರ್. ಅಕ್ಕನ ಮನೆ 85 ಸೆಂಟಿಮೀಟರ್ ದಾಟಿತ್ತು.

‘ಅಕ್ರಮ–ಸಕ್ರಮ ಬಂದಾಗ ನೋಡಿಕೊಂಡರಾಯಿತು’ ಎಂಬ ಮಾತು ಇನ್ನೂ ಕೇಳಿಬರುತ್ತದೆ. ವಸತಿ ಕಟ್ಟಡದ ಶೇ 50ರವರೆಗಿನ ಉಲ್ಲಂಘನೆ ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನು ನಂಬಿ ಇಟ್ಟಿಗೆ ಏರಿಸಬೇಡಿ.

2024ರ ಡಿಸೆಂಬರ್ 17ರಂದು, ಮೀರತ್‌ನ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. ನಕ್ಷೆಯಂತೆ ಕಟ್ಟಿದ್ದಾರೆ ಎಂಬ ಪ್ರಮಾಣಪತ್ರ ಇಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು. ಬ್ಯಾಂಕುಗಳು ಆ ಪತ್ರ ನೋಡಿಯೇ ಸಾಲ ಕೊಡಬೇಕು. 2025ರ ಏಪ್ರಿಲ್ ಹೊತ್ತಿಗೆ ರಾಜ್ಯದಲ್ಲಿ ಮನೆ ಮುಗಿಸಿಯೂ ಮೀಟರ್ ಸಿಗದೆ ಜನ ಕಂಗಾಲಾದದ್ದು ಇದರಿಂದಲೇ. ಆಮೇಲೆ ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಬೆಂಗಳೂರಿನಲ್ಲಿ 1,200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ, ನೆಲಮಹಡಿ ಮತ್ತು ಎರಡು ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿ ಮೀರದಿದ್ದರೆ, ಆ ಪ್ರಮಾಣಪತ್ರದಿಂದ, ಅಂದರೆ ಸ್ವಾಧೀನಾನುಭವ ಪತ್ರದಿಂದ (ಒಸಿ), ವಿನಾಯಿತಿ ಕೊಟ್ಟಿತು. ಪತ್ರದಿಂದ ವಿನಾಯಿತಿಯೇ ಹೊರತು ನಕ್ಷೆಯಿಂದ ಅಲ್ಲ. ಅಕ್ಕನ ಸೈಟು 30×50, ಹಾಗಾಗಿ ಅವರಿಗೆ ಅದೂ ಇಲ್ಲ. ಭಾವ ತೀರಿಕೊಳ್ಳುವ ಮುಂಚಿನ ವರ್ಷ ಆ ಮನೆ ಮಾರಿ ಊರಿಗೆ ಹೋಗಬೇಕೆಂದಿದ್ದರು. ಕೊಳ್ಳಲು ಬಂದ ಇಬ್ಬರೂ ಬ್ಯಾಂಕ್ ಸಾಲಕ್ಕೆ ಹೋಗಿ ಹಿಂದೆ ಸರಿದರು.

ಕಟ್ಟುತ್ತಿರುವಾಗಲೇ ದಾಟಿದ್ದು ಗೊತ್ತಾದರೆ ಅಲ್ಲಿಯೇ ಕೆಲಸ ನಿಲ್ಲಿಸಿ. ಮೇಲಿನ ಮಹಡಿ ಕೈಬಿಟ್ಟರೆ ಒಟ್ಟು ಎತ್ತರ ಒಳಗೆ ಬರುತ್ತದೆಯೇ ನೋಡಿ. ಬರುವುದಾದರೆ ಬದಲಾದ ನಕ್ಷೆಗೆ ಮಂಜೂರಾತಿ ಪಡೆದು ಮುಂದುವರಿಯಿರಿ. ನೋಟಿಸ್ ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ‘ಮಾತಾಡಿ ಸರಿ ಮಾಡ್ತೀನಿ’ ಎಂದು ಬರುವ ಮಧ್ಯವರ್ತಿಯ ಕೈಗೆ ಹಣ ಕೊಡಬೇಡಿ. ಆ ಹಣಕ್ಕೆ ರಸೀದಿಯೂ ಇಲ್ಲ, ಮನೆಯ ಎತ್ತರವೂ ಇಳಿಯುವುದಿಲ್ಲ.

9. ಪಕ್ಕದ ಮನೆ ಮೇಲೇಳುತ್ತಿದ್ದರೆ

ಕಟ್ಟುವವರಷ್ಟೇ ಅಲ್ಲ, ಕಟ್ಟಿಸಿಕೊಂಡವರ ಪಕ್ಕದಲ್ಲಿ ಇರುವವರೂ ಇದನ್ನು ಓದುತ್ತಿರಬಹುದು. ಮಂಜೂರಾದ ನಕ್ಷೆಯನ್ನು ಕಟ್ಟಡ ಮುಗಿಯುವವರೆಗೂ ಜಾಗದಲ್ಲಿ ಕಾಣುವಂತೆ ಹಾಕಿರಬೇಕೆಂದು ಅದೇ 2024ರ ತೀರ್ಪು ಹೇಳಿದೆ. ಹೋಗಿ ನೋಡಿ, ಫೋಟೊ ತೆಗೆದುಕೊಳ್ಳಿ. ಹಾಕಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ನಕ್ಷೆಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ನಕ್ಷೆಯಲ್ಲಿ ಇಲ್ಲದ ಮಹಡಿ ಏಳುತ್ತಿದ್ದರೆ ಪಾಲಿಕೆಗೆ ಬರೆದು ಕೊಡಿ. ಮೋಲ್ಡ್ ಬೀಳುವ ಮೊದಲು ಕೊಟ್ಟ ದೂರಿಗೆ ಇರುವ ಬೆಲೆ ಗೃಹಪ್ರವೇಶ ಆದ ಮೇಲಿನ ದೂರಿಗೆ ಇರುವುದಿಲ್ಲ.

ನಿಮ್ಮ ಕಿಟಕಿಗೆ 20 ವರ್ಷ ಅಡೆತಡೆಯಿಲ್ಲದೆ ಗಾಳಿ ಬೆಳಕು ಬರುತ್ತಿದ್ದರೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ 15ನೇ ಪ್ರಕರಣ ನಿಮ್ಮ ಪರ ನಿಲ್ಲಬಹುದು. ಅದಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕು, ನಿಮಗಾದ ತೊಂದರೆ ಗಣನೀಯ ಎಂದು ತೋರಿಸಬೇಕು. ಅಷ್ಟು ದೂರ ಹೋಗುವ ಮೊದಲು ಒಂದು ಸಂಜೆ ಪಕ್ಕದ ಮನೆಗೆ ಹೋಗಿ, ಅವರ ಸೆಕ್ಷನ್ ಹಾಳೆಯನ್ನು ಅವರ ಜೊತೆಯಲ್ಲೇ ಕೂತು ನೋಡಿ. ನಮ್ಮ ಅಕ್ಕನ ಎದುರು ಮನೆಯವರು ಕಟ್ಟಲು ಶುರು ಮಾಡಿದಾಗ ಅಕ್ಕ ಹಾಗೆಯೇ ಮಾಡಿದರು. ತನ್ನ ಮನೆಯ ಲೆಕ್ಕದ ಹಾಳೆಯನ್ನೂ ಒಯ್ದು ಅವರ ಮುಂದಿಟ್ಟರು. ಅವರು ಸ್ಟಿಲ್ಟನ್ನು ಎಂಟಡಿಗೆ ಇಳಿಸಿದರು, ಮಹಡಿಗಳನ್ನು ಎರಡಕ್ಕೆ ನಿಲ್ಲಿಸಿದರು. ಅವರ ಹಲಗೆ ಕೂತ ಸಂಜೆ ಟೇಪಿನ ಕೆಳತುದಿ ಹಿಡಿದದ್ದು ಅಕ್ಕನೇ.